ಕಲಾಯಿ ಕೆರೆದ ಪಾತ್ರೆಗಳು

ಚನ್ನರಾಯಪಟ್ಟಣ,
೨೦ ಫೆಬ್ರವರಿ ೧೯೬೧, ಸೋಮವಾರ

ನನ್ನ ಮುದ್ದು ಅಣ್ಣಯ್ಯನಿಗೆ,

ನಿನ್ನ ಬಾಯಿಬಡುಕಿ ತಂಗಿ ನೀಲಾ ಇಲ್ಲಿಂದಲೇ ನಿನ್ನ ಕಾಲು ಮುಟ್ಟಿ, ಹಾಗೇ ಕಿವಿಯನ್ನೂ ಹಿಂಡಿ, ನಮಸ್ಕಾರ ಮಾಡುತ್ತಿದ್ದಾಳೆ. ಹೇಗಿದ್ದೀಯ? ಕೆಮ್ಮು ಹೋಯಿತೇ? ಬರ್ಮಿಂಗ್‌ಹ್ಯಾಮಿನಲ್ಲಿ ಹಿಮ ಬಿದ್ದು ಬಾಗಿಲೇ ತೆರೆಯಲಾಗಲಿಲ್ಲ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ನಾನು ಈ ಬಿಸಿಲಲ್ಲಿ ಕೂತೇ ನಡುಗಿದೆ. ಅಮ್ಮ ಹೆಣೆದ ಮಫ್ಲರ್ ಕಟ್ಟಿಕೋ, ಬಣ್ಣ ಹೇಗಾದರೂ ಇರಲಿ. ನೀನು ವಾರಕ್ಕೊಮ್ಮೆ ಸ್ನಾನ ಮಾಡುವ ವಿಚಾರವನ್ನು ಅಮ್ಮನಿಗೆ ನಾನು ಹೇಳಿಲ್ಲ, ಆ ಉಪಕಾರ ನೆನಪಿರಲಿ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ ಎಡಗೈ ಮಣಿಕಟ್ಟು ಮುರಿದು ಕೂಡಿಕೊಂಡಿದೆ, ಮುಂದಿನ ಹಲ್ಲಿನ ಮೂಲೆಯೊಂದು ಹಾರಿಹೋಗಿದೆ, ಉಳಿದದ್ದೆಲ್ಲ ನೀನು ಬಿಟ್ಟುಹೋದ ಹಾಗೇ ಇದೆ. ಮೈಸೂರಿಗೆ, ಅಮ್ಮ ಅಪ್ಪಾಜಿಗೆ, ತೆಂಗಿನಕಾಯಿ ಬಿತ್ತೆಂದು ಬರೆದಿದ್ದೇನೆ. ಕೊಬ್ಬರಿ ಮಂಡಿಯವರ ಸೊಸೆಯ ಮೇಲೆ ಕಾಯಿ ಬೀಳದೆ ಮತ್ತೇನು ಬೀಳುತ್ತದೆ ಎಂದು ಅಪ್ಪಾಜಿ ನಂಬಿದ್ದಾರೆ. ನೀನೂ ಹಾಗೇ ಹೇಳಬೇಕು.

ನಾನು ಮಾತಿಗೆ ಕೂತರೆ ಮುಖ್ಯ ವಿಷಯ ಮರೆತುಬಿಡುತ್ತೇನೆಂದು ನೀನು ಯಾವಾಗಲೂ ಬೈಯುತ್ತೀಯ, ಆದ್ದರಿಂದ ಅದನ್ನು ಮೊದಲೇ ಹೇಳುತ್ತೇನೆ. ನನ್ನ ಮೈದುನ ಶಂಭುವಿಗೆ ಒಂದು ಮಾತ್ರೆ ಬೇಕು. ಪೆನಿಸಿಲಮೈನ್ ಎಂದು ಹೆಸರು. ಇಲ್ಲಿ ಬೆಂಗಳೂರಿನಲ್ಲಿ ಕೇಳಿದೆವು, ಮದರಾಸಿನಲ್ಲಿ ಕೇಳಿಸಿದೆವು, ಎಲ್ಲೂ ಸಿಗಲಿಲ್ಲ. ಕಂಡುಹಿಡಿದದ್ದು ನೀನಿರುವ ಇಂಗ್ಲೆಂಡಿನಲ್ಲೇ, ಈಚೆಗೆ ಕೆಲವು ವರ್ಷಗಳ ಹಿಂದೆ. ಅದು ಬರದಿದ್ದರೆ ಶಂಭು ಉಳಿಯುವುದಿಲ್ಲ. ಈಗ ಸಮಾಧಾನವಾಗಿ ಕೂತು ಓದು. ಒಂದೇ ಹಾಳೆಯ ಏರ್ ಲೆಟರಿನಲ್ಲಿ ಇದು ಹಿಡಿಸುವುದಿಲ್ಲ, ಹಾಳೆಗಳಲ್ಲೇ ಬರೆಯುತ್ತಿದ್ದೇನೆ.

ನೀನು ನನ್ನ ಮದುವೆಗೆ ಬರಲಿಲ್ಲವಾದ್ದರಿಂದ (ಇದನ್ನು ನಾನು ಸಾಯುವವರೆಗೂ ಹೇಳುತ್ತೇನೆ) ಈ ಮನೆಯವರು ನಿನಗೆ ಗೊತ್ತಿಲ್ಲ. ಮಾವನವರು ಈಶ್ವರಯ್ಯ, ಸಂತೆ ದಿನ ಅವರ ಮಂಡಿಯ ಮುಂದೆ ನಿಂತ ಗಾಡಿಗಳು ಹೆದ್ದಾರಿಯವರೆಗೂ ಇರುತ್ತವೆ. ಅತ್ತೆ ಗುರುಸಿದ್ದಮ್ಮ, ನನ್ನನ್ನು ನೀಲವ್ವ ಎನ್ನುತ್ತಾರೆ. ನನ್ನ ಇಂಗ್ಲಿಷ್ ಕೇಳಲೆಂದೇ ಪಕ್ಕದ ಮನೆಯವರನ್ನು ಕರೆತಂದು ಎದುರಿಗೆ ಕೂರಿಸಿ "ಏನಾದ್ರೂ ಅನ್ನವ್ವ" ಎನ್ನುತ್ತಾರೆ. ನಾನು ಕಾನ್ವೆಂಟಿನ ಬೆಳಗಿನ ಪ್ರಾರ್ಥನೆ ಹೇಳಿಬಿಡುತ್ತೇನೆ, ಎಲ್ಲರೂ ಕೈಮುಗಿಯುತ್ತಾರೆ. ಇನ್ನು ನಮ್ಮವರು. ಮನೆಯಲ್ಲಿ ನಾನು "ಇವರು" ಎಂದೇ ಅನ್ನಬೇಕು, ಆದರೆ ನಿನಗೆ ಬರೆಯುವಾಗ ಯಾರು ಕೇಳುತ್ತಾರೆ? ಪಾಲಾಕ್ಷ! ಪಾಲಾಕ್ಷ! ಬರೆಯುವಾಗಲೇ ಕಚಗುಳಿಯಾಗುತ್ತದೆ. ಅಣ್ಣಯ್ಯ, ನಿನ್ನ ಭಾವನಷ್ಟು ಒಳ್ಳೆಯವರು, ಮೊಂಡರು, ತಮಾಷೆಯವರು ಇನ್ನೊಬ್ಬರಿಲ್ಲ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ನನಗೆ ಹೇಳಿಕೊಡಲು ತಾವೇ ಮೂರು ಮುದ್ದೆ ತಿಂದವರು. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಟೆಂಟ್ ಸಿನಿಮಾಕ್ಕೆ ಹೋಗುವಾಗ ಊರ ಹೊರಗಿನ ಕೆರೆ ಏರಿ ದಾಟಿದ ಮೇಲೆಯೇ ನನ್ನ ಜೊತೆ ಮಾತಾಡುವವರು, ಊರೊಳಗೆ ನಾನು ಯಾರೋ ಅವರು ಯಾರೋ.

ಶಂಭು ಅವರ ತಮ್ಮ, ಹತ್ತೊಂಬತ್ತು ವರ್ಷ. ನಾನು ಈ ಮನೆಗೆ ಬಂದಾಗ ಅವನನ್ನು ಕಂಡು ನಕ್ಕಿದ್ದೆ, ಏಕೆಂದರೆ ಅವನೂ ಯಾವಾಗಲೂ ನಗುತ್ತಲೇ ಇದ್ದ. ಮಂಡಿಯ ಅಟ್ಟದಲ್ಲಿ ಕಾಯಿಗಳನ್ನು ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಉಂಡೆಯಾಗಿ ಗಟಗಟ ಅನ್ನುವವರೆಗೆ. ಕೆಳಗಿನಿಂದ ಒಬ್ಬ ಎಸೆಯುತ್ತಾನೆ, ಮೇಲೆ ಒಬ್ಬ ಹಿಡಿಯುತ್ತಾನೆ. ಶಂಭು ಎರಡೂ ಕೈಯಲ್ಲಿ ಒಂದೊಂದು ಕಾಯಿ ಎಸೆಯುತ್ತಿದ್ದವನಂತೆ, ಒಂದೂ ತಪ್ಪುತ್ತಿರಲಿಲ್ಲವಂತೆ. ನಾನು ಬರುವ ಹೊತ್ತಿಗೆ ಅವನ ಕೈ ನಡುಗಲು ಶುರುವಾಗಿತ್ತು. ಮಾತು ಬಾಯೊಳಗೇ ಕಲಸಿಹೋಗುತ್ತಿತ್ತು. ಮದುವೆಯ ಸಂಭ್ರಮದಲ್ಲಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ, ಹುಡುಗ ಸೋಮಾರಿಯಾದ ಎಂದರು. ಸ್ವಲ್ಪ ದಿನ ಕಳೆದ ಮೇಲೆ ಒಮ್ಮೆ ಅವನು ಎಸೆದ ಕಾಯಿ ಅಟ್ಟ ತಲುಪದೆ, ಏಣಿಯ ಮೇಲೆ ನಿಂತಿದ್ದ ಬೈರಯ್ಯನ ಕೊರಳ ಮೂಳೆಗೆ ಬಡಿಯಿತು. ಬೈರಯ್ಯ ನಮ್ಮ ಮಂಡಿಯಲ್ಲಿ ಕಾಯಿ ಸುಲಿಯುವವನು, ಶಂಭುವನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಏಣಿಯಿಂದ ಅವನು ಬಿದ್ದ ಸದ್ದು ನನಗೆ ಅಡುಗೆಮನೆಗೆ ಕೇಳಿಸಿತು. ಓಡಿಬಂದು ನೋಡಿದರೆ ಮೂಳೆಯ ತುದಿ ಚರ್ಮದೊಳಗಿನಿಂದ ಎದ್ದು ನಿಂತಿದೆ, ಮತ್ತು ಶಂಭು ನಗುತ್ತಿದ್ದಾನೆ.

ಮಾವನವರು ಸೊಂಟದ ಬೆಲ್ಟ್ ಬಿಚ್ಚಿದರು. "ಯಾಕ್ಲಾ, ಬೈರ ನೆಲ ಕಚ್ಚವ್ನೆ, ನೀನು ನನ್ ಮುಂದೇನೇ ಹಲ್ ಕಿರೀತೀಯ? ನಗಾನೇನ್ಲಾ ನಿಂಗೆ?" ಎಂದು ಒಂದೊಂದು ಮಾತಿಗೂ ಒಂದೊಂದು ಏಟು. ಹೊಡೆದಷ್ಟೂ ಶಂಭುವಿನ ತುಟಿ ಹಿಗ್ಗಿತು, ಹಲ್ಲು ಕಂಡವು, ಹಲ್ಲು ಕಂಡಷ್ಟೂ ಮಾವನವರಿಗೆ ಸಿಟ್ಟೇರಿತು. ಬಕಲ್ಲಿನ ತುದಿಗೆ ಬೆನ್ನಿನ ಚರ್ಮ ಕಿತ್ತು ಅಂಗಿ ಕೆಂಪಾಯಿತು. ನೆಲದ ಮೇಲೆ ಬಿದ್ದ ಬೈರಯ್ಯನೇ ಮುರಿದ ಮೂಳೆ ಒತ್ತಿಹಿಡಿದು "ಬುಡಿ ಸಾವ್ಕಾರ್ರೆ, ಉಡುಗ ಬೇಕೂಂತ ಎಸ್ದಿಲ್ಲ. ನನ್ ಮೂಳೆ ಅಳೇದು, ಮುರಿಯಾಕೇ ಕಾಯ್ತಿತ್ತು" ಎಂದು ಬೇಡಿಕೊಂಡ. ಆ ದಿನದಿಂದ ಮನೆಯಲ್ಲಿ ಹೊಡೆತ ಎನ್ನುವುದು ಊಟದಷ್ಟೇ ಸಹಜವಾಯಿತು. ಶಂಭುವೂ ಸುಮ್ಮನಿರಲಿಲ್ಲ. ಅವನಿಗೆ ಕೋಪ ಬಂದರೆ ಎದುರಿಗಿದ್ದದ್ದು ಕೈಗೆ ಬರುತ್ತಿತ್ತು: ಈಳಿಗೆಮಣೆ, ಬೀಸುವ ಕಲ್ಲಿನ ಗೂಟ, ಒಮ್ಮೆ ಉರಿಯುವ ಕೊಳ್ಳಿ. ಎಸೆದ ಮೇಲೆ ಅಳುತ್ತಿದ್ದ. ಮುಖ ನಗುತ್ತಿರುವಾಗ ಕಣ್ಣಲ್ಲಿ ನೀರು ಸುರಿಯುವುದನ್ನು ನೀನು ನೋಡಿಲ್ಲ ಅಣ್ಣಯ್ಯ, ನೋಡಲೂ ಬೇಡ.

ಆಗ ಅರಕಲಗೂಡಿನಿಂದ ಸೋದರತ್ತೆ ಬಸವಲಿಂಗಮ್ಮ ಬಂದರು. ಮಾವನವರ ಅಕ್ಕ, ಬಾಗಿಲಲ್ಲಿ ಕಾಲಿಟ್ಟರೆ ಮನೆಯ ಹಲ್ಲಿಯೂ ನೆಟ್ಟಗೆ ನಿಲ್ಲುತ್ತದೆ. "ಇದು ಪೀಡೆ ಕಣವ್ವ ಗುರುಸಿದ್ದಿ. ನಗೋದು ಇವ್ನಲ್ಲ, ಒಳಗ್ ಕೂತಿರೋಳು" ಎಂದರು. ಅವರು ಕರೆಸಿದ ಮಂತ್ರವಾದಿಯ ಹೆಸರು ತಮ್ಮಯ್ಯ. ಆತ ಶಂಭುವಿನ ಎರಡು ತೋಳಿಗೂ, ಸೊಂಟಕ್ಕೂ ತಾಮ್ರದ ತಗಡು ಕಟ್ಟಿದ. ಪೀಡೆಗೆ ತಾಮ್ರ ಕಂಡರೆ ಆಗುವುದಿಲ್ಲವಂತೆ, ಹೊರಗಿನಿಂದ ಕಟ್ಟಿದರೆ ಸಾಲದು, ಒಳಗೂ ಹೋಗಬೇಕಂತೆ. ನಮ್ಮ ಮನೆಯಲ್ಲಿ ಇರುವುದೆಲ್ಲ ತಾಮ್ರದ ಪಾತ್ರೆಗಳೇ, ಒಳಗೆ ತವರದ ಕಲಾಯಿ ಹಾಕಿಸಿದ್ದು. "ಕಲಾಯಿ ಅನ್ನೋದು ತಾಮ್ರದ ಬಾಯಿಗೆ ತುರುಕಿದ ಬಟ್ಟೆ. ಕೆರೆದಾಕಿ" ಎಂದ. ಅತ್ತೆ ಮೂರು ದಿನ ಕೂತು ಇಟ್ಟಿಗೆ ಪುಡಿ, ಕುಡುಗೋಲಿನ ತುದಿ ಹಿಡಿದು, ಶಂಭುವಿನ ಚೊಂಬು, ತಟ್ಟೆ, ಅವನ ಅನ್ನದ ತಪ್ಪಲೆಯ ಒಳಗನ್ನೆಲ್ಲ ಕೆರೆದರು. ಬೆಳ್ಳಗಿದ್ದ ಒಳಮೈ ಕೆಂಪಗೆ ಹೊಳೆಯಿತು. ಅದರಲ್ಲೇ ಹುಳಿ ಮಜ್ಜಿಗೆ ಹುಯ್ದು ಹಿಂದಿನ ಸಂಜೆಯಿಂದ ಇಟ್ಟು ಬೆಳಿಗ್ಗೆ ಬರಿಹೊಟ್ಟೆಗೆ ಕುಡಿಸಬೇಕು.

ಅತ್ತೆಗೆ ತಿಳಿಯದ್ದೇನಲ್ಲ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬೇಳುತ್ತದೆ, ಕಿಲುಬು ವಿಷ ಎಂದು ಈ ಸೀಮೆಯ ಯಾವ ಹೆಂಗಸಿಗೆ ಗೊತ್ತಿಲ್ಲ? ಅವರು ಕೇಳಿಯೂ ಕೇಳಿದರು. ತಮ್ಮಯ್ಯ ನಕ್ಕು, "ಅದು ಪೀಡೆಗೆ ಇಸ ತಾಯಿ, ಮಗೀಗಲ್ಲ" ಎಂದ. ಶಂಭು ಹಸಿರು ಹಸಿರಾಗಿ ವಾಂತಿ ಮಾಡಿದ. ಅದೇ ಪೀಡೆ ಕರಗಿ ಬರುತ್ತಿರುವ ಗುರುತು ಎಂದು ಸೋದರತ್ತೆ ಚಪ್ಪಾಳೆ ತಟ್ಟಿದರು. ಅವನು ಬಾಯಿ ಮುಚ್ಚಿಕೊಂಡರೆ ಅತ್ತೆ ಅವನ ಮೂಗು ಹಿಡಿದು ತೊಡೆಯ ಮೇಲೆ ಮಲಗಿಸಿಕೊಂಡು, ಚಿಕ್ಕ ಮಗುವಿಗೆ ಎಣ್ಣೆ ಕುಡಿಸುವ ಹಾಗೆ ಕುಡಿಸುತ್ತಿದ್ದರು. ಕುಡಿಸುತ್ತ ಅವನ ತಲೆ ನೇವರಿಸುತ್ತಿದ್ದರು. ಒಂದು ಬೆಳಿಗ್ಗೆ ಅತ್ತೆ ಪೂಜೆಯಲ್ಲಿದ್ದರೆಂದು ಚೊಂಬು ನನ್ನ ಕೈಗೆ ಬಂತು. ಶಂಭು ಅದನ್ನು ಕಸಿದು ನನ್ನ ಮುಖಕ್ಕೇ ಬೀಸಿದ. ಹಲ್ಲು ಹೋದದ್ದು ಹಾಗೆ. ನಾನು ಹಿಂದಕ್ಕೆ ಸರಿದು ಬಾಗಿಲ ಚೌಕಟ್ಟು ಹಿಡಿದೆ, ಅವನು ಬಾಗಿಲು ಒದ್ದು ಮುಚ್ಚಿದ. ಮಣಿಕಟ್ಟು ಹೋದದ್ದು ಹಾಗೆ. ಬಾಗಿಲಾಚೆಯಿಂದ "ಅತ್ಗೆ, ಅತ್ಗೆ" ಎಂದು ಅವನು ತನ್ನ ತಲೆಯನ್ನೇ ಹಲಗೆಗೆ ಚಚ್ಚಿಕೊಳ್ಳುತ್ತಿದ್ದುದು ಕೇಳುತ್ತಿತ್ತು. ನಾನು ಬಾಯಿತುಂಬ ರಕ್ತ ಮತ್ತು ಹುಳಿ ಮಜ್ಜಿಗೆ ಇಟ್ಟುಕೊಂಡು ಇತ್ತ ಕೂತಿದ್ದೆ.

ಅದಾದ ಮೇಲೆ ಬಂದ ಅಮಾವಾಸ್ಯೆಯ ಮಧ್ಯಾಹ್ನ ದೊಡ್ಡ ಶಾಸ್ತ್ರ ಇಟ್ಟರು. ಮಂಡಿಯ ಅಂಗಳದಲ್ಲಿ ಶಂಭುವನ್ನು ಮಲಗಿಸಿ, ಭುಜ ಇಬ್ಬರು ಹಮಾಲರು ಹಿಡಿದರು, ಕಾಲುಗಳನ್ನು ಪಾಲಾಕ್ಷ ಹಿಡಿದರು. ಹೌದು ಅಣ್ಣಯ್ಯ, ನನ್ನ ಪಾಲಾಕ್ಷ. ನಾನು ಬೇಡವೆಂದು ಕಾಲಿಗೆ ಬಿದ್ದೆ. "ನಂಗೇನ್ ಸಂತೋಷಾನೇನೇ? ಇವತ್ತೊಂದಿನ ತಡ್ಕೊಂಡ್ರೆ ನನ್ ತಮ್ಮ ನಂಗ್ ಸಿಗ್ತಾನೆ" ಎಂದರು. ತಮ್ಮಯ್ಯ ನೆನೆಸಿದ ಹುಣಸೆಬರಲು ಹಿಡಿದು ಹೊಡೆಯುತ್ತ ಹೋದ, "ಯಾರೇ ನೀನು, ಹೆಸರೇಳು" ಎನ್ನುತ್ತ. ಶಂಭು "ಶಂಭು" ಎಂದ. ಮತ್ತೆ ಹೊಡೆತ. "ಹೆಸರೇಳೇ." "ಶಂಭು, ಶಂಭು ಕಣಪ್ಪೋ." ಬರಲು ಸೀಳಿದ ಹಾಗೆಲ್ಲ ಹೊಸದು ಬರುತ್ತಿತ್ತು. ತೊಡೆಯ ಚರ್ಮ ಎದ್ದು ಬರಲಿಗೇ ಅಂಟಿಕೊಂಡಿತು. ಕೊನೆಗೆ ಅವನು ಮುಖ ಹೊರಳಿಸಿದಾಗ ತುದಿ ನೇರ ಎಡಗಣ್ಣಿಗೆ ಬಿತ್ತು, ಅವನು ಕೂಗಿದ ಕೂಗಿಗೆ ಹೆದ್ದಾರಿಯ ಬಸ್ಸು ನಿಂತಿತು. ತಮ್ಮಯ್ಯ ಮತ್ತೆ ಕೈ ಎತ್ತಿದ. ಆಗ ನಾನು ಹೋಗಿ ಆ ಕೈಯ ಹೆಬ್ಬೆರಳನ್ನು ಕಚ್ಚಿದೆ. ಮುರಿದ ಹಲ್ಲಿನಿಂದಲೇ ಕಚ್ಚಿದೆ, ಅದು ಹರಿತವಾಗಿತ್ತು. ಆತ ನನ್ನ ಜಡೆ ಹಿಡಿದು ಎಳೆದ, ನಾನು ಬಿಡಲಿಲ್ಲ, ಮೂಳೆ ಹಲ್ಲಿಗೆ ಸಿಗುವವರೆಗೆ ಬಿಡಲಿಲ್ಲ. ಸೋದರತ್ತೆ "ಅಯ್ಯಯ್ಯೋ, ಅವ್ಳು ಇವ್ನ ಬುಟ್ಟು ಸೊಸೆ ಮೈಮೇಲ್ ಬಂದ್ಬುಟ್ಳು" ಎಂದು ಚೀರಿದರು. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಅದನ್ನೇ ಹೇಳುತ್ತಿದ್ದರು, ಆದರೆ ಇಂಗ್ಲಿಷಿನಲ್ಲಿ. ಪಾಲಾಕ್ಷ ಕಾಲು ಬಿಟ್ಟು ಎದ್ದು ಬಂದು, ತಮ್ಮಯ್ಯನ ಕುತ್ತಿಗೆಗೆ ಕೈಹಾಕಿ ಗೇಟಿನಾಚೆ ಹಾಕಿದರು.

ಕಣ್ಣಿಗೆ ಏಟು ಬಿದ್ದದ್ದರಿಂದ ವೈದ್ಯರ ಬಳಿ ಹೋಗಲೇಬೇಕಾಯಿತು. ಹೊಳೆನರಸೀಪುರದಲ್ಲಿ ಆ ವಾರ ಛತ್ರವೊಂದರಲ್ಲಿ ಕಣ್ಣಿನ ಕ್ಯಾಂಪ್ ನಡೆದಿತ್ತು. ಮರುದಿನ ಮೊದಲ ಬಸ್ಸಿಗೇ ಹೋದೆವು, ನಾನು, ಪಾಲಾಕ್ಷ, ಅತ್ತೆ, ಮಾವನವರು, ತಲೆಗೆ ಟವೆಲ್ ಸುತ್ತಿದ ಶಂಭು. ಸಾಲು ಸಾಲು ಮುದುಕ ಮುದುಕಿಯರು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು, ಯಾರ ಸೊಸೆ ಗಂಜಿ ತಂದಳು, ಯಾರ ಸೊಸೆ ತರಲಿಲ್ಲ ಎಂದು ಜಗಳವಾಡುತ್ತ ಮಲಗಿದ್ದರು. ಡಾಕ್ಟರ್ ಮುದ್ದಮ್ಮ ಎಂದು ಕೊಡಗಿನವರು, ಗಂಡಸಿನಂತೆ ಕತ್ತರಿಸಿದ ಕೂದಲು, ನಾನು ಅಲ್ಲೇ ಅವರ ಭಕ್ತೆಯಾಗಿಬಿಟ್ಟೆ. ಏಟು ಬಿದ್ದ ಕಣ್ಣು ನೋಡಿ "ಗೀರಿದೆ, ವಾಸಿಯಾಗುತ್ತೆ" ಎಂದರು. ಆಮೇಲೆ ಏಟು ಬೀಳದ ಕಣ್ಣನ್ನು ನೋಡಿದರು. ಟಾರ್ಚನ್ನು ಪಕ್ಕದಿಂದ ಹಿಡಿದು, ಮೇಲಿನ ರೆಪ್ಪೆ ಎತ್ತಿ, ತುಂಬ ಹೊತ್ತು ನೋಡಿದರು. ಇನ್ನೊಬ್ಬ ಡಾಕ್ಟರನ್ನು ಕರೆದು ತೋರಿಸಿದರು. ಕೈ ಚಾಚಲು ಹೇಳಿದರು, ಶಂಭುವಿನ ಕೈಗಳು ಹಕ್ಕಿ ರೆಕ್ಕೆ ಬಡಿದ ಹಾಗೆ ಬಡಿದವು. ಚಿಕ್ಕಂದಿನಲ್ಲಿ ಕಾಮಾಲೆ ಆಗಿತ್ತೇ ಎಂದರು. ಆಗಿತ್ತು. ಮಾವನವರು "ಕಣ್ ತೋರ್ಸಕ್ ಬಂದ್ರೆ ಕೈ ಯಾಕ್ ನೋಡ್ತೀರಿ ತಾಯಿ?" ಎಂದು ಗುರುಗುಟ್ಟಿದರು. ಡಾಕ್ಟರು ನನ್ನನ್ನು ಹತ್ತಿರ ಕರೆದು, ನನ್ನ ಕೈಗೇ ಟಾರ್ಚ್ ಕೊಟ್ಟು ತೋರಿಸಿದರು. ಕಣ್ಣಿನ ಕಪ್ಪಿನ ಅಂಚಿನಲ್ಲಿ ಸುತ್ತಲೂ ಒಂದು ಬಳೆ, ಹಳೆಯ ಹಿತ್ತಾಳೆ ಬೇಸನ್ನಿನ ಬಣ್ಣದ್ದು, ಕಂದೋ ಹಸಿರೋ ಹೇಳಲಾಗದು. "ಅದು ತಾಮ್ರ" ಎಂದರು.

ಅವರು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು, ನಾನು ಕನ್ನಡದಲ್ಲಿ ಅತ್ತೆ ಮಾವನಿಗೆ ಹೇಳುತ್ತ ಹೋದೆ. ನಾವು ತಿನ್ನುವ ಎಲ್ಲದರಲ್ಲೂ ಒಂದು ಚೂರು ತಾಮ್ರ ಇರುತ್ತದಂತೆ, ಎಲ್ಲರಿಗೂ ಬೇಕಂತೆ. ರಕ್ತದಲ್ಲಿ ಒಂದು ಪ್ರೋಟೀನ್ ಇದೆ, ಸೆರುಲೊಪ್ಲಾಸ್ಮಿನ್ ಎಂದು. ಹೆಸರು ಕೇಳಿದರೆ ಇಟಲಿಯ ರಾಜಕುಮಾರಿಯ ಹಾಗಿದೆ, ಅಲ್ಲವೇ? ಅದು ತಾಮ್ರವನ್ನು ಮಡಿಲಲ್ಲಿ ಕಟ್ಟಿಕೊಂಡು ಓಡಾಡುತ್ತದೆ, ಎಲ್ಲೆಂದರಲ್ಲಿ ಬಿಡುವುದಿಲ್ಲ. ಶಂಭುವಿನ ಮೈಯಲ್ಲಿ ಹುಟ್ಟಿದಂದಿನಿಂದ ಅದು ಬಹಳ ಕಡಿಮೆ. ಮಾವನವರಿಗೆ ಅರ್ಥವಾಗಲಿಲ್ಲವೆಂದು ಡಾಕ್ಟರೇ ಕನ್ನಡಕ್ಕೆ ಬಂದರು: "ನಿಮ್ಮ ಮಂಡಿಗೆ ಸಂತೆಯಿಂದ ಸಂತೆಗೆ ಕಾಯಿ ಬಂದು ಬೀಳ್ತಾನೇ ಇದೆ, ಸಾಗಿಸೋಕೆ ಒಂದೂ ಗಾಡಿ ಇಲ್ಲ ಅಂದ್ಕೊಳ್ಳಿ. ಏನ್ಮಾಡ್ತೀರಿ?" "ಅಂಗಳದಲ್ಲಿ ಒಟ್ತೀನಿ." "ಅಂಗಳ ತುಂಬಿದ್ರೆ?" "ಮನೆಯೊಳಗೆ." "ಮನೆಯೊಳಗೆ ಕೊಳೀತಾ ಬಿದ್ದಿದೆ ಯಜಮಾನ್ರೇ. ಮೊದಲು ಪಿತ್ತಜನಕಾಂಗ, ಆಮೇಲೆ ಮಿದುಳು, ಕಣ್ಣಿಗೂ ಬಂದಿದೆ." ಕೈ ನಡುಗುವುದು, ಮಾತು ಕಲಸುವುದು, ಸಿಟ್ಟು, ಎಲ್ಲ ಅದರದ್ದೇ. ಕೊನೆಗೆ ಅವರು ಶಂಭುವಿನ ಗಲ್ಲ ಹಿಡಿದು "ಈ ನಗು ಇವನದಲ್ಲ. ಸ್ನಾಯು ಬಿಗಿದು ಮುಖ ಹಾಗೆ ನಿಂತುಬಿಟ್ಟಿದೆ. ಇವನು ನಕ್ಕು ಎಷ್ಟು ದಿನ ಆಯ್ತೋ" ಎಂದರು. ಮಾವನವರು ಎದ್ದು ಹೊರಗೆ ಹೋದರು.

ಅತ್ತೆ ಮಾತ್ರ ನನ್ನ ಸೆರಗು ಹಿಡಿದು ಒಂದೇ ಪ್ರಶ್ನೆ ಕೇಳುತ್ತಿದ್ದರು, "ನೀಲವ್ವ, ಯಾವ್ ತಾಮ್ರ? ಯಾವ್ ತಾಮ್ರ ಅಂತಾರೆ ಕೇಳವ್ವ." ಡಾಕ್ಟರಿಗೆ ನಾನು ಚೊಂಬಿನ ವಿಷಯ ಹೇಳಿದೆ. ಅವರು ಕಣ್ಣು ಮುಚ್ಚಿ ತೆರೆದರು. ಕಾಯಿಲೆ ಚೊಂಬಿನಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು, ಆದರೆ ಉರಿಯುವ ಮನೆಗೆ ಎಣ್ಣೆ ಹುಯ್ದ ಹಾಗಾಗಿದೆ ಎಂದರು. ಮೊದಲಿನದನ್ನು ನಾನು ಎರಡು ಸಲ ಹೇಳಿದೆ, ಎರಡನೆಯದನ್ನು ಹೇಳಲಿಲ್ಲ. ಆದರೆ ಅತ್ತೆಗೆ ನನ್ನ ಮುಖ ಓದಲು ಇಂಗ್ಲಿಷ್ ಬೇಕಿಲ್ಲ. ಹೊರಡುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು: ಇದು ಒಡಹುಟ್ಟಿದವರಿಗೂ ಇರಬಹುದು, ಕೈ ನಡುಗುವ ಮೊದಲೇ ಕಂಡುಹಿಡಿದರೆ ಮಾತ್ರೆ ನುಂಗಿಕೊಂಡು ಮನುಷ್ಯ ನೂರು ವರ್ಷ ಬಾಳಬಹುದು, ಶಂಭುವಿನ ಅಣ್ಣನನ್ನೂ ಒಮ್ಮೆ ನೋಡುತ್ತೇನೆ ಎಂದು. ಅಣ್ಣ ಎಲ್ಲಿ? ಆಗಲೇ ಬಸ್ ನಿಲ್ದಾಣಕ್ಕೆ ಓಡಿದ್ದರು. "ನನ್ ಕಣ್ಗೇನಾಗೈತೆ? ಇಲ್ಲಿಂದ್ಲೇ ಬಸ್ಸಿನ್ ಬೋರ್ಡ್ ಓದ್ತೀನಿ, ಬೇಕಾದ್ರೆ ಕಂಡಕ್ಟರ್ ಜೇಬಲ್ಲಿರೋದ್ನೂ ಓದ್ತೀನಿ" ಎಂದು ನನ್ನನ್ನೇ ಗೇಲಿ ಮಾಡಿದರು.

ಮನೆಗೆ ಬಂದವರೇ ಅತ್ತೆ ಕಾಲೂ ತೊಳೆಯಲಿಲ್ಲ. ಒಳಗೆ ಹೋಗಿ ಶಂಭುವಿನ ಚೊಂಬು, ತಟ್ಟೆ, ತಪ್ಪಲೆ ಎಲ್ಲ ತಂದು ಅಂಗಳಕ್ಕೆ ಎಸೆದರು, ಸಾಲದೆಂದು ಬಚ್ಚಲ ಹಂಡೆಯನ್ನೂ ಉರುಳಿಸಿ ತಂದರು, ಒನಕೆ ಹಿಡಿದರು. ಅಣ್ಣಯ್ಯ, ಆ ಸದ್ದು! ಪ್ರತಿ ಏಟಿಗೂ "ನಾನೇ ಕುಡಿಸ್ದೆ" ಎನ್ನುತ್ತಿದ್ದರು. ತಪ್ಪಲೆ ರೊಟ್ಟಿಯಾಯಿತು, ಹಂಡೆ ಹೊಟ್ಟೆ ಒಡೆಯಿತು, ಒನಕೆಯ ಸಿಬಿರು ಅಂಗೈಗೆ ನಾಟಿ ರಕ್ತ ಒನಕೆಯುದ್ದಕ್ಕೂ ಇಳಿಯಿತು, ಬಿಡಲಿಲ್ಲ. ಸೋದರತ್ತೆ ಬಾಗಿಲಲ್ಲಿ ನಿಂತು "ಶುಭದ ಪಾತ್ರೆ ಕಣೇ" ಎಂದರು. ಅತ್ತೆ ಒನಕೆಯನ್ನು ಅವರ ಕಡೆಗೆ ತಿರುಗಿಸಿದ್ದು ನೋಡಿ, ಅರಕಲಗೂಡಿನ ಬಸ್ಸಿಗೆ ಇನ್ನೂ ಹೊತ್ತಿದ್ದರೂ ಅವರು ಹೊರಟೇಬಿಟ್ಟರು.

ಮಾವನವರು ಅಷ್ಟು ಹೊತ್ತೂ ಜಗುಲಿಯ ಮೇಲೆ ಕೂತಿದ್ದರು. ಎದ್ದು ಬಂದು ಸೊಂಟದ ಬೆಲ್ಟ್ ಬಿಚ್ಚಿದರು. ಮತ್ತೆ ಹೊಡೆಯುತ್ತಾರೆಂದು ನಾನು ಶಂಭುವಿಗೆ ಅಡ್ಡ ನಿಂತೆ. ಅವರು ನನ್ನನ್ನು ಮೆಲ್ಲಗೆ ಸರಿಸಿ, ಬೆಲ್ಟನ್ನು ಮಗನ ಕೈಗಿಟ್ಟು, ಅಂಗಿ ತೆಗೆದು ಬೆನ್ನು ತಿರುಗಿಸಿ ನಿಂತರು. "ಹೊಡೀಲಾ" ಎಂದರು. ಕಾಲಿಗೆ ಬೀಳುತ್ತಾನೆ, ಅಪ್ಪಿಕೊಳ್ಳುತ್ತಾನೆ ಎಂದು ನಾನು ಕಣ್ಣಲ್ಲಿ ನೀರು ರೆಡಿ ಮಾಡಿಕೊಂಡೆ. ಶಂಭು ಹೊಡೆದ. ನಡುಗುವ ಕೈಯಿಂದ, ಬಕಲ್ಲಿನ ಕಡೆಯಿಂದ, ಗುರಿ ತಪ್ಪಿ ಒಂದು ಭುಜಕ್ಕೆ, ಒಂದು ಕಿವಿಗೆ, ಒಂದು ಬೆನ್ನಿಗೆ. ಕಿವಿ ಹರಿಯಿತು. ಬೈರಯ್ಯ, ಪಾಲಾಕ್ಷ, ಹಮಾಲರು ಎಲ್ಲ ನಿಂತೇ ಇದ್ದರು, ಯಾರೂ ಬಿಡಿಸಲಿಲ್ಲ. ಮಾವನವರು ಕಂಬವನ್ನು ಬಿಗಿಯಾಗಿ ಹಿಡಿದುಕೊಂಡರು. ಶಂಭುವಿಗೆ ಸುಸ್ತಾಗಿ ಬೆಲ್ಟ್ ತಾನೇ ಬಿದ್ದ ಮೇಲೆ, "ಸಾಕೇನ್ಲಾ?" ಎಂದು ಕೇಳಿದರು. ಶಂಭು "ಊಟ" ಎಂದ. ಬಾಳೆಲೆ ಹಾಕಿ ಬಡಿಸಿದೆವು. ಬೈರಯ್ಯ ಮುರಿದ ಹೆಗಲಿನ ಮೇಲೆ ಕೈಯಿಟ್ಟುಕೊಂಡು "ನನ್ ಪಾಲಿಂದೂ ಸೇರ್ಸಿ ಕೊಟ್ಬುಟ್ಟ ಸಾ ನಮ್ ಶಂಭಪ್ಪ" ಎಂದು ಪಾಲಾಕ್ಷರ ಕಿವಿಯಲ್ಲಿ ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

ಆಮೇಲೆ ಬೆಂಗಳೂರಿಗೆ ರಕ್ತ ಕಳಿಸಿದರು, ಮುದ್ದಮ್ಮನವರು ಹೇಳಿದ್ದೇ ನಿಜವಾಯಿತು. ಹಾಸನದ ಆಸ್ಪತ್ರೆಗೆ ಹೋಗಿ ಬಂದು ಮಾಡುತ್ತ ಈಗ ಒಂದು ಇಂಜೆಕ್ಷನ್ ಹಾಕಿಸುತ್ತಿದ್ದೇವೆ, ಯುದ್ಧದಲ್ಲಿ ವಿಷದ ಗಾಳಿಗೆ ಮದ್ದೆಂದು ಮಾಡಿದ್ದಂತೆ, ಎಣ್ಣೆಯಲ್ಲಿ ಕಲಸಿದ್ದು. ಸೂಜಿ ಹೊಕ್ಕಲ್ಲಿ ಬಾವು ಬಂದು ಕೀವಾಗುತ್ತದೆ, ಅದರ ಪಕ್ಕಕ್ಕೇ ಮತ್ತೆ ಚುಚ್ಚುತ್ತಾರೆ, ಶಂಭು ಮಂಚದ ಕಬ್ಬಿಣ ಕಚ್ಚಿಕೊಂಡು ಕಿರುಚುತ್ತಾನೆ. ಹಿಡಿದುಕೊಳ್ಳಲು ಪಾಲಾಕ್ಷರೇ ಹೋಗುತ್ತಾರೆ, ಈಗ ಕಾಲನ್ನಲ್ಲ, ತಲೆಯನ್ನು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಆದರೆ ತಾಮ್ರ ಮೂತ್ರದಲ್ಲಿ ಹೊರಗೆ ಹೋಗುತ್ತಿದೆ! ಮೊನ್ನೆ ಅವನು ಎರಡೂ ಕೈಯಲ್ಲಿ ಗಾಜಿನ ಲೋಟ ಹಿಡಿದು ಅರ್ಧ ಮಾತ್ರ ಚೆಲ್ಲಿ ಕುಡಿದ. ಆದರೂ ಈ ಇಂಜೆಕ್ಷನ್ ಹೆಚ್ಚು ದಿನ ನಡೆಯದು, ಬರಬರುತ್ತ ಮೈ ಅದಕ್ಕೆ ಒಗ್ಗಿ ಕೆಲಸ ಮಾಡುವುದಿಲ್ಲ, ಮಾತ್ರೆ ಬಂದರೇ ಬದುಕು ಎಂದು ಅಲ್ಲಿನ ಡಾಕ್ಟರು ಖಂಡಿತವಾಗಿ ಹೇಳಿದ್ದಾರೆ. ಅವರ ಇಂಗ್ಲಿಷ್ ಚೀಟಿ ಇದರ ಜೊತೆಗಿದೆ. ನಿನ್ನ ಯೂನಿವರ್ಸಿಟಿಯ ಡಾಕ್ಟರಿಗೆ ತೋರಿಸು, ಅವರು ಆಗದು ಎಂದರೆ ಆಸ್ಪತ್ರೆಯ ಬಾಗಿಲಲ್ಲಿ ಕೂರು, ನಾನು ಇಲ್ಲಿಂದ ಹೇಳಿದೆ ಎಂದು ಕೂರು. ಲೋಹಶಾಸ್ತ್ರ ಓದಲು ಸಮುದ್ರ ದಾಟಿ ಹೋದವನು ನೀನು. ಕುಲುಮೆಯಲ್ಲಿ ತಾಮ್ರ ಕರಗಿಸುವುದು ಎಲ್ಲರೂ ಮಾಡುತ್ತಾರೆ, ಈ ಒಬ್ಬ ಹುಡುಗನ ಮಿದುಳಿನಿಂದ ಕರಗಿಸಿ ತೋರಿಸು ನೋಡೋಣ.

ಪಾಲಾಕ್ಷ ಹಿಂದೆ ನಿಂತು ಇಣುಕಿ ನೋಡುತ್ತ, ಕಂಡಕ್ಟರ್ ಜೇಬಿನ ಮಾತನ್ನು ಹೊಡೆದುಹಾಕು ಎನ್ನುತ್ತಿದ್ದಾರೆ. ಹೊಡೆಯುವುದಿಲ್ಲ. ನಿನಗೆ ಅವರ ವಂದನೆಗಳು. ಅತ್ತೆ ಮಾವನವರ ಆಶೀರ್ವಾದ. ಬೈರಯ್ಯ "ಆ ದೊರೆಮಗಂಗೆ ನನ್ ಸರಣು ಬರೀರವ್ವ" ಎಂದಿದ್ದಾನೆ. ಶಂಭು ಪೆನ್ನು ಹಿಡಿದು ಕೆಳಗೆ ಎಳೆದಿರುವ ಗೆರೆ ಅವನ ಸಹಿ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ. ನಾವು ಪೋಸ್ಟ್ ಆಫೀಸಿಗೆ ಹೊರಟೆವು.

ನಿನ್ನ ಒಂದೇ ಒಂದು,
ನೀಲಾ

ಮರೆತ ಮಾತು: ಪೋಸ್ಟ್ ಆಫೀಸಿನ ಗೋಡೆಗೆ ಹಾಳೆ ಒತ್ತಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಮನೆಯಲ್ಲಿ ಬರೆಯಲಾಗಲಿಲ್ಲ, ಇವರು ಓದುತ್ತಿದ್ದರು. ನಿನ್ನೆ ತಮಾಷೆಗೆ ಎನ್ನುವ ಹಾಗೆ ಇವರನ್ನು ಮಡಿಲಲ್ಲಿ ಮಲಗಿಸಿಕೊಂಡು, ಡಾಕ್ಟರು ತೋರಿಸಿದ ಹಾಗೆಯೇ ಟಾರ್ಚ್ ಪಕ್ಕದಿಂದ ಹಿಡಿದು ಮೇಲಿನ ರೆಪ್ಪೆ ಎತ್ತಿ ನೋಡಿದೆ. ಆ ತಾಮ್ರದ ಬಳೆ ಕೆಳಗೆ ಇಲ್ಲ. ಮೇಲೆ ಇದೆ. ಉಗುರು ಕತ್ತರಿಸಿದ ತುಂಡಿನಷ್ಟು ಸಣ್ಣದು, ಎರಡು ಕಣ್ಣಲ್ಲೂ. ಕೈ ಇನ್ನೂ ನಡುಗುತ್ತಿಲ್ಲ, ನಾನು ದಿನಾ ನೋಡುತ್ತೇನೆ. "ಏನ್ ಕಂಡೆಯೇ?" ಎಂದರು, ನಾನು ಮುತ್ತಿಟ್ಟು ಮಾತು ಮರೆಸಿದೆ. ನಾಳೆ ಹಾಸನಕ್ಕೆ ಹೋದಾಗ ಕೈಹಿಡಿದು ಡಾಕ್ಟರ ಮುಂದೆ ಕೂರಿಸುತ್ತೇನೆ, ಒಪ್ಪದಿದ್ದರೆ ಕಚ್ಚಿಯಾದರೂ. ಚೀಟಿಯಲ್ಲಿ ಬರೆದಿರುವುದು ಒಬ್ಬರಿಗೆ. ನೀನು ಇಬ್ಬರಿಗೆ ಕೇಳು. ಸ್ಟಾಂಪ್ ಕೊಂಡು ನಗುತ್ತ ಬರುತ್ತಿದ್ದಾರೆ. ಇಬ್ಬರಿಗೆ, ಅಣ್ಣಯ್ಯ.